ಕರಿಕಟ್ಟೆಯ ಮೇಲೆ ಹೇಳಿದ ಲೆಕ್ಕ

ಮುದುಕ ಬೆಳೆಸಿ ಹೇಳುತ್ತಾನೆ, ಅಷ್ಟು ಜನ ಬಂದಿರಲಿಕ್ಕಿಲ್ಲ ಎಂದು ಫೋನಿನ ಈ ಗುಂಪಿನಲ್ಲಿ ಬರೆದವನು ಯಾವನು? ಹೆಸರು ಹೇಳುವುದಿಲ್ಲ, ಅವನಿಗೇ ಗೊತ್ತು. ಬೆಳಿಗ್ಗೆ ಏನು ತಿಂದೆ ಎಂಬುದು ನನಗೆ ಮರೆಯುತ್ತದೆ, ಒಪ್ಪಿಕೊಂಡೆ. ಮೊನ್ನೆ ಸೊಸೆಯನ್ನು ಮಗಳ ಹೆಸರಿನಿಂದ ಕರೆದೆ, ಅದೂ ನಿಜ. ಆದರೆ ಆ ದಿನ ಇನ್ನೂರಾ ನಲವತ್ತೆರಡು ಲೋಟ ತುಂಬಿಸಿದ್ದು ಈ ಎರಡು ಕೈಗಳು. ತಲೆ ಮರೆತರೂ ಕೈ ಮರೆಯುವುದಿಲ್ಲ. ಆ ದಿನ ನೀನು ಹುಟ್ಟಿರಲಿಲ್ಲ ತಮ್ಮಾ, ನಿನ್ನಪ್ಪನಿಗೆ ಮೂಗು ಒರೆಸಿಕೊಳ್ಳಲು ಬರುತ್ತಿರಲಿಲ್ಲ. ತಕರಾರು ಇದ್ದವರು ಫೋನು ಕೆಳಗಿಟ್ಟು ಹೋಗಿ. ಉಳಿದವರು ಕೇಳಿ.

ನನ್ನ ಹೆಸರು ಬಾಳಪ್ಪ. ಊರವರಿಗೆ ನೀರ ಬಾಳಪ್ಪ. ನಮ್ಮೂರ ನಡುವೆ ಕರಿಕಲ್ಲಿನದೊಂದು ಕಟ್ಟೆ, ಅದರ ಮಗ್ಗುಲಿಗೆ ಚಾವಡಿ. ಊರ ಸಭೆ ಸೇರುವುದು ಆ ಕಟ್ಟೆಯ ಮುಂದೆ. ಅದರ ಮೇಲೆ ನಿಂತು ಇಂಥದ್ದರಿಂದ ಇಷ್ಟು ಮಂದಿ ಸತ್ತರು ಎಂದು ಯಾರಾದರೂ ಹೇಳಿದರೆ ಆ ಲೆಕ್ಕದ ಸತ್ತವರೇ ಬಂದು ಕೂರುತ್ತಾರೆ. ನೀರು ಕುಡಿಯುವವರೆಗೆ ಮಾತಾಡುವುದಿಲ್ಲ. ದನ ಮನೆಗೆ ತಿರುಗುವ ಹೊತ್ತಿಗೆ ಎದ್ದು ಹೋಗುತ್ತಾರೆ. ಒಬ್ಬರಿಗೆ ಒಂದೇ ಸಲ. ಒಮ್ಮೆ ಬಂದುಹೋದವರು ಆಮೇಲೆ ಎಷ್ಟು ಕರೆದರೂ ಬರುವುದಿಲ್ಲ. ಅವರಿಗೆ ನೀರು ಕೊಡುವ ಕೆಲಸ ನನ್ನದು, ಅದಕ್ಕೂ ಮೊದಲು ನನ್ನಪ್ಪನದು. ಚಾವಡಿಯಲ್ಲಿ ಅರವತ್ತು ತಾಮ್ರದ ಲೋಟಗಳಿದ್ದವು. ಅಷ್ಟರಲ್ಲಿ ಯಾವತ್ತೂ ಸಾಗಿತ್ತು.

ಒಂದೇ ಸಲ ಎಂದಮೇಲೆ ಅದನ್ನು ಯಾರು ಸುಮ್ಮನೆ ಖರ್ಚು ಮಾಡುತ್ತಾರೆ ಹೇಳಿ? ಮೊಮ್ಮಗ ಹುಟ್ಟಲಿ, ಹೊಸ ಮನೆಯ ಮಾಳಿಗೆ ಮುಗಿಯಲಿ, ಆಮೇಲೆ ಕರೆಯೋಣ ಎಂದು ಮನೆಯವರು ಕಾಯುತ್ತಿದ್ದರು. ಒಮ್ಮೆ ಸೂಜಿ ಹಾಕಲು ಬಂದ ಡಾಕ್ಟರೊಬ್ಬರು ಕಟ್ಟೆ ಹತ್ತಿ ನಿಂತು, ‘ಹೋದ ವರ್ಷ ನಿಮ್ಮೂರಲ್ಲಿ ವಾಂತಿಭೇದಿಗೆ ಏಳು ಜನ ಸತ್ತಿದ್ದಾರೆ’ ಎಂದುಬಿಟ್ಟರು. ಏಳೂ ಮಂದಿ ಬಂದರು. ನಮ್ಮ ಸೋದರಮಾವ ನೀರು ಕುಡಿದವನೇ ‘ಎಮ್ಮಿ ಈಯಿತೇನೋ?’ ಎಂದು ಕೇಳಿದ. ಅತ್ತೆ ದೂರದ ಹೊಲದಲ್ಲಿದ್ದಳು. ಸುದ್ದಿ ಮುಟ್ಟಿ ಓಡಿ ಬರುವಷ್ಟರಲ್ಲಿ ಅವನು ಎದ್ದು ಹೋಗಿದ್ದ. ಆ ಡಾಕ್ಟರನ್ನು ಅವಳು ಸಾಯುವತನಕ ಬೈದಳು.

ಇನ್ನು ಬಂದೂಕಿನ ಮಾತು. ನಮ್ಮೂರಲ್ಲಿ ಮನೆಗೊಂದು ಬಂದೂಕು ಇತ್ತು. ಕಾಡುಹಂದಿಯಿಂದ ಬೆಳೆ ಕಾಯಲು ಎಂದು ಹೇಳುತ್ತಿದ್ದೆವು, ಹಾರಿಸುತ್ತಿದ್ದದ್ದು ಮದುವೆಗಳಲ್ಲಿ. ಗೌಡರ ಮಗಳ ಮದುವೆಯ ದಿನ ಹನ್ನೆರಡು ಬಂದೂಕುಗಳು ಒಟ್ಟಿಗೆ ಹಾರಿದವು. ಮಾಳಿಗೆಯ ಮೇಲೆ ಚಪ್ಪರದ ಬಟ್ಟೆ ಕಟ್ಟುತ್ತಿದ್ದ ಪರುತಪ್ಪ ಕೆಳಗೆ ಬಿದ್ದ. ಇಪ್ಪತ್ತೆರಡು ವರ್ಷದವನು, ನೀಲಗಂಗವ್ವನ ಒಬ್ಬನೇ ಮಗ. ಚಾವಡಿಯ ದಫ್ತರದಲ್ಲಿ ಗೌಡರು ‘ಮಾಳಿಗೆಯಿಂದ ಬಿದ್ದು’ ಎಂದು ಬರೆದರು. ಬಿದ್ದದ್ದು ಸುಳ್ಳಲ್ಲ. ಗುಂಡು ಹೊಕ್ಕಮೇಲೆ ಯಾವನಾದರೂ ಬೀಳಲೇಬೇಕಲ್ಲ. ಆ ದಫ್ತರದಲ್ಲಿ ಬಂದೂಕಿನ ಸಾವಿಗೆಂದೇ ಒಂದು ಕಾಲಮ್ಮು ಇತ್ತು. ಅಜ್ಜಂದಿರ ಕಾಲದಿಂದ ಅದು ಖಾಲಿ, ಅದೇ ನಮ್ಮ ಹೆಮ್ಮೆ. ಊರಿನ ಸಾವನ್ನು ಕಟ್ಟೆಯ ಮೇಲೆ ಹೇಳುವುದಾದರೆ ದಫ್ತರದಲ್ಲಿ ಇದ್ದಂತೆಯೇ ಹೇಳಬೇಕು. ಬೇರೆ ಹೇಳಿದವರ ಮನೆಗೆ ಊರಬಾವಿ ಬಂದ್. ಇದು ಕಟ್ಟಳೆ.

ವರ್ಷ ತುಂಬಿದ ದಿನ ನೀಲಗಂಗವ್ವ ಮಗನಿಗಿಷ್ಟವೆಂದು ಶೇಂಗಾದ ಹೋಳಿಗೆ ಮಾಡಿಕೊಂಡು ಬಂದು ಕಟ್ಟೆ ಹತ್ತಿದಳು. ದಫ್ತರದಲ್ಲಿದ್ದಂತೆಯೇ ಹೇಳಿದಳು, ‘ಮಾಳಿಗಿಯಿಂದ ಬಿದ್ದು ಸತ್ತವ ಒಬ್ಬ.’ ನಾನು ಲೋಟ ತುಂಬಿಸಿ ಹಿಡಿದುಕೊಂಡು ನಿಂತೆ. ಯಾರೂ ಬರಲಿಲ್ಲ. ದನ ತಿರುಗುವವರೆಗೂ ನಿಂತೆವು, ಅವಳೂ ನಾನೂ. ‘ಅವ ಹಂಗ ಸತ್ತಿಲ್ಲ ಬಾಳಣ್ಣಾ, ಹೆಂಗ ಬರತಾನ?’ ಎಂದಳು. ಹೋಳಿಗೆಯನ್ನು ನನ್ನ ಕೈಗೆ ಕೊಟ್ಟು ಹೋದಳು. ಮಗನನ್ನು ಒಂದು ಸಲ ನೋಡಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಆದರೆ ನಿಜ ಹೇಳಿದರೆ ಮನೆಯಲ್ಲಿದ್ದ ಸೊಸೆಗೂ ಕೂಸಿಗೂ ನೀರಿಲ್ಲ. ವಾರಕ್ಕೊಮ್ಮೆ ಗೌಡರ ಬಾಗಿಲಿಗೆ ಹೋಗಿ ದಫ್ತರ ತಿದ್ದಿಸಿ ಎಂದು ಕೇಳುತ್ತಿದ್ದಳು. ಗೌಡರು ಕೆಟ್ಟವರಲ್ಲ, ಹೆದರುಪುಕ್ಕಲರು. ‘ತಿದ್ದಿದ್ರ ಆ ಹನ್ನೆರಡು ಮಂದಿ ನನ್ನ ಮನಿಗೆ ಬರ್ತಾರವ್ವಾ’ ಎನ್ನುತ್ತಿದ್ದರು.

ಅದೇ ಬೇಸಿಗೆಯಲ್ಲಿ ಶಾಲೆಯ ಗದಿಗೆಪ್ಪ ಮಾಸ್ತರ ಊರ ಮುಂದೆ ಒಂದು ಮಾತಿಟ್ಟ. ಬಂದೂಕುಗಳನ್ನೆಲ್ಲ ಚಾವಡಿಯಲ್ಲಿಟ್ಟು ಬೀಗ ಹಾಕಬೇಕು, ಹಂದಿ ಬಂದಾಗ ಕೇಳಿ ಒಯ್ಯಬೇಕು. ಇದಕ್ಕೆ ಎದುರು ನಿಂತವರು ವಕೀಲ ದತ್ತೋಪಂತರು. ಬಂದೂಕು ಇಲ್ಲದ ಮನೆ ಬಾಗಿಲಿಲ್ಲದ ಮನೆ ಎಂಬುದು ಅವರ ವಾದ. ಊರು ಎರಡಾಯಿತು. ಗಂಡ ಮಾಸ್ತರನ ಕಡೆ, ಹೆಂಡತಿ ವಕೀಲರ ಕಡೆ, ಒಲೆಯೂ ಎರಡು. ತಮಾಷೆಯೆಂದರೆ ಮಾಸ್ತರನೂ ವಕೀಲರೂ ನಮ್ಮೂರಿನ ಲೆಕ್ಕ ಹೇಳುವಂತಿರಲಿಲ್ಲ, ಕಾಲಮ್ಮು ಖಾಲಿ. ಹೀಗಾಗಿ ಇಬ್ಬರೂ ಪರದೇಶದ ಪುಸ್ತಕ ತರಿಸಿದರು. ಪರದೇಶದವರನ್ನು ಎಷ್ಟು ಎಣಿಸಿದರೂ ಅಪಾಯವಿಲ್ಲ, ಕಡಲು ದಾಟಿ ನಮ್ಮ ಕಟ್ಟೆಗೆ ಯಾವ ಸತ್ತವನು ಬರುತ್ತಾನೆ ಎಂದು ಇಡೀ ಊರು ನಂಬಿತ್ತು. ನಾನೂ ನಂಬಿದ್ದೆ. ವಾದಕ್ಕೆಂದು ಸಭೆ ಸೇರಿದ ದಿನ ಒಂದು ಕೊಡ ನೀರನ್ನೂ ತುಂಬಿಟ್ಟಿರಲಿಲ್ಲ.

ಮೊದಲು ವಕೀಲರು ಹತ್ತಿದರು. ಕೋಟಿನ ಗುಂಡಿ ಹಾಕಿ, ಕನ್ನಡಕ ಏರಿಸಿ, ಪುಸ್ತಕ ತೆರೆದರು. ‘ದ್ವೀಪದ ದೇಶದಾಗ ಐದು ವರ್ಷದ ಹಿಂದ ಮನಿಮನಿ ಬಂದೂಕು ಕಸಗೊಂಡ್ರು. ಏನಾತು? ಹೋದ ವರ್ಷ ಒಂದರಾಗ ಅಲ್ಲಿ ಕೊಲಿಯಾದವರು ನೂರಾ ಎಂಬತ್ತೇಳು ಮಂದಿ! ಕೇಳ್ರಿ ಮಾಸ್ತರ, ನೂರಾ ಎಂಬತ್ತೇಳು!’

ಮಾಸ್ತರ ಬಾಯಿ ತೆರೆಯುವಷ್ಟರಲ್ಲಿ ಕೆರೆಯ ಏರಿಯ ಮೇಲೆ ಜನ ಕಾಣಿಸಿಕೊಂಡರು.

ಆ ನೋಟವನ್ನು ಹೇಗೆ ಹೇಳಲಿ. ಬಿಸಿಲಿಗೆ ನೆಲ ಬಿರಿದಿದ್ದ ದಿನ, ಉಣ್ಣೆಯ ಕೋಟು ತೊಟ್ಟವರು ಸಾಲಾಗಿ ಇಳಿದು ಬರುತ್ತಿದ್ದರು. ಅರ್ಧಕ್ಕಿಂತ ಹೆಚ್ಚು ಮಂದಿಯ ಬಟ್ಟೆ ತೊಯ್ದು ತೊಟ್ಟಿಕ್ಕುತ್ತಿತ್ತು. ಅವರು ನಡೆದ ದಾರಿಯಲ್ಲಿ ಧೂಳು ಏಳಲಿಲ್ಲ, ನೆಲ ಒದ್ದೆಯಾಯಿತು. ಕೆಂಪು ಕೂದಲಿನ ಮುದುಕಿಯರು, ಒಂದು ಕಾಲಿಗೆ ಬೂಟಿಲ್ಲದ ಗಂಡಸು, ಕೈಕೈ ಹಿಡಿದ ಅವಳಿಜವಳಿ ಹುಡುಗಿಯರು. ಯಾರೂ ಅವಸರ ಮಾಡಲಿಲ್ಲ. ಬಂದರು, ಕಟ್ಟೆ ತುಂಬಿತು, ಮೆಟ್ಟಿಲು ತುಂಬಿತು, ಚಾವಡಿಯ ಅಂಗಳ ತುಂಬಿತು. ವಕೀಲರ ಕೈಯಿಂದ ಪುಸ್ತಕ ಜಾರಿತು.

‘ಲೇ ಬಾಳ್ಯಾ, ನೀರು!’ ಎಂದರು ಗೌಡರು.

‘ಲೋಟ ಅರವತ್ತ ಅದಾವ್ರಿ ಗೌಡ್ರ!’

ಆಗ ನಮ್ಮೂರ ಹೆಂಗಸರನ್ನು ನೋಡಬೇಕಿತ್ತು. ಯಾರೂ ಕೂಗಲಿಲ್ಲ, ಓಡಿಹೋಗಲಿಲ್ಲ. ಮನೆಮನೆಗೆ ಹೋಗಿ ಲೋಟ, ತಂಬಿಗೆ, ಬಟ್ಟಲು, ತೆಂಗಿನ ಚಿಪ್ಪು, ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ, ಸಿಕ್ಕಿದ್ದನ್ನೆಲ್ಲ ತಂದರು. ಮಾಸ್ತರನ ಕಡೆಯವರೂ ವಕೀಲರ ಕಡೆಯವರೂ ಒಂದೇ ಹಗ್ಗ ಹಿಡಿದು ನೀರು ಸೇದಿದರು. ನೆರಳಿಗೆಂದು ಯಾರೋ ಜಮಖಾನೆ ಕಟ್ಟಿದರು. ನೀಲಗಂಗವ್ವ ನನ್ನ ಜೊತೆ ಸಾಲು ಸಾಲು ತಿರುಗಿ ನೀರು ಕೊಟ್ಟಳು. ಒಬ್ಬೊಬ್ಬರ ಮುಖವನ್ನೂ ನೋಡಿ ಕೊಟ್ಟಳು. ಇಷ್ಟು ದೂರದವರು ಬಂದಿದ್ದಾರೆ, ಇವರೊಳಗೆ ಎಲ್ಲಾದರೂ ಇದ್ದಾನೇನೋ ಎಂದು ಹುಡುಕುತ್ತಿದ್ದಳೆಂದು ನನಗೆ ಗೊತ್ತಿತ್ತು.

ನೀರು ಒಳಗೆ ಹೋದಮೇಲೆ ಅವರ ಮಾತು ನಮಗೆ ನಮ್ಮ ಮಾತಾಗಿಯೇ ಕೇಳುತ್ತದೆ. ಮೊದಲು ಮಾತಾಡಿದವಳು ಒದ್ದೆ ಕೋಟಿನ ಒಬ್ಬ ಹೆಂಗಸು. ‘ಯಾರು ಕರದವ್ರು?’

ವಕೀಲರು ಮುಂದೆ ಬಂದರು. ‘ನಾನು, ತಾಯಿ. ತಮ್ಮ ದೇಶದಾಗ ಬಂದೂಕು ಕಸಗೊಂಡ ಮ್ಯಾಲ ತಮ್ಮನ್ನ ಕೊಂದ್ರಲ್ಲ...’

‘ನನ್ನ ಕೊಂದಿದ್ದು ಹಡಗು. ತಳ ತೂತು ಬಿದ್ದಿತ್ತು, ಮಾಲೀಕಗ ಗೊತ್ತಿತ್ತು, ಆದ್ರೂ ಬಿಟ್ಟ. ನಾವು ನೂರಾ ನಾಕು ಮಂದಿ ಮುಳುಗಿ ಹದಿನೆಂಟು ವರ್ಷ ಆತು. ಹೋದ ವರ್ಷ ಕೋರ್ಟು ಅದು ಕೊಲಿ ಅಂತು. ತೀರ್ಪು ಬಂದ ವರ್ಷದ ಲೆಕ್ಕಕ್ಕ ನಮ್ಮನ್ನ ಬರಕೊಂಡ್ರು.’

ಮಾಸ್ತರ ಕುಣಿದುಬಿಟ್ಟ. ‘ಕೇಳಿದ್ರೇನ್ರೀ ವಕೀಲಸಾಹೇಬ್ರ? ಅವರು ಮುಳುಗಿದಾಗ ಆ ದೇಶದಾಗ ಮನಿಮನಿ ಬಂದೂಕು ಇದ್ದುವು! ಹಡಗು ಮುಳುಗಿದ್ದಕ್ಕೂ ಬಂದೂಕಿಗೂ ಏನ್ರೀ ಸಂಬಂಧ? ಬಂದೂಕಿದ್ದಿದ್ರ ಸಮುದ್ರಕ್ಕ ಗುಂಡು ಹೊಡೀತಿದ್ರೇನು?’ ಅವನ ಕಡೆಯವರು ನಕ್ಕರು. ಆ ಹೆಂಗಸು ನಗಲಿಲ್ಲ. ವಕೀಲರನ್ನೇ ನೋಡುತ್ತಿದ್ದಳು.

‘ಒಂದ ಸಲ ಬರಾಕ ಬರತೈತಿ ಅಂತ ನಮಗೂ ಗೊತ್ತಿತ್ತು. ನನ್ನ ಮಗಳು ಕರೀಲಿ ಅಂತ ಕಾದಿದ್ದೆ. ಇಲ್ಲಿಗೆ ಯಾಕ ಕರದ್ರಿ?’

ಜಡ್ಜಿಗಳ ಮುಂದೆ ಎಂದೂ ತೊದಲದ ಮನುಷ್ಯ ವಕೀಲರು. ಅವತ್ತು ಅವರ ದನಿ ನೆಲಕ್ಕಿಳಿದಿತ್ತು. ‘ಒಂದು ವಾದ ಇತ್ರಿ ತಾಯಿ’ ಎಂದರು.

ಅಲ್ಲಿಗೆ ನಿಂತಿದ್ದರೆ ಸಾಕಿತ್ತು. ಆದರೆ ಗೆಲ್ಲುತ್ತಿರುವವನಿಗೆ ಬುದ್ಧಿ ಕೈಕೊಡುತ್ತದೆ. ಅಂಗಳದ ತುಂಬ ಸತ್ತವರು ಕೂತಿದ್ದಾಗ ಮಾಸ್ತರ ಕಟ್ಟೆ ಹತ್ತಿದ. ನಾನು ಅವನ ಅಂಗಿ ಹಿಡಿದು ಎಳೆದೆ. ‘ಬ್ಯಾಡೋ ಗದಿಗ್ಯಾ, ನೀರಿಲ್ಲ’ ಎಂದೆ. ಕೊಸರಿಕೊಂಡ. ‘ಹಿಮದ ದೇಶದಾಗ ಇವತ್ತಿಗೂ ಮನಿಮನಿ ಬಂದೂಕು. ಅಲ್ಲಿ ಒಂದು ಜಿಲ್ಲಾದಾಗ ಒಂದು ವರ್ಷಕ್ಕ ಬಂದೂಕಿಗೆ ಬಲಿಯಾದವರು ನಲವತ್ತೊಂದು ಮಂದಿ!’ ಎಂದ. ನಲವತ್ತೊಂದು ಮಂದಿ ಬಂದರು. ಇವರ ಭುಜದ ಮೇಲೆ ಹಿಮವಿತ್ತು. ನಮ್ಮ ಬಿಸಿಲಿಗೂ ಅದು ಕರಗಲಿಲ್ಲ. ಮಕ್ಕಳು ಹೋಗಿ ಬೆರಳಿನಿಂದ ಮುಟ್ಟಿ ನೋಡಿದರು. ನಾವು ಯಾರೂ ಹಿಮ ಕಂಡವರಲ್ಲ.

ಈಗ ಕೇಳುವ ಸರದಿ ವಕೀಲರದು. ಆದರೆ ಅವರು ಕೇಳಲಿಲ್ಲ. ಅವರ ಕಡೆಯವನೊಬ್ಬ ಕೂಗಿದ, ‘ಯಾರು ಹೊಡದ್ರು ನಿಮ್ಮನ್ನ? ಕಳ್ಳರೋ, ದರೋಡೆಯವರೋ?’ ಏಳು ಮಂದಿ ಯಾರ್‍ಯಾರದೋ ಹೆಸರು ಹೇಳಿದರು. ಉಳಿದವರು ತಲೆ ತಗ್ಗಿಸಿದರು. ಕೊನೆಗೆ ಒಬ್ಬ ಹರೆಯದವನು, ಮೀಸೆ ಆಗಷ್ಟೇ ಮೂಡಿದವನು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದ. ‘ಯಾರೂ ಅಲ್ರಿ. ನಾವ. ಮನ್ಯಾಗ ಇತ್ತು, ಕೆಟ್ಟ ದಿನ ಇತ್ತು. ಕೈಗೆ ಸಿಕ್ತು. ಮರುದಿನ ಮನಸು ತಿರುಗತಿತ್ತೋ ಏನೋ.’

‘ಇವು ಕೊಲಿ ಅಲ್ಲ!’ ಎಂದು ಆ ಕೂಗಿದವನು ಇನ್ನೂ ಹೇಳುತ್ತಿದ್ದ. ಯಾರೂ ಅವನ ಕಡೆ ತಿರುಗಲಿಲ್ಲ. ಮಾಸ್ತರ ಕಟ್ಟೆಯ ಅಂಚಿಗೆ ಕುಸಿದು ಕೂತಿದ್ದ. ಅವನ ಲೆಕ್ಕ ಸುಳ್ಳಾಗಿರಲಿಲ್ಲ. ಆದರೆ ಅವನು ಹೇಳಬೇಕೆಂದುಕೊಂಡದ್ದನ್ನು ಅದು ಹೇಳುತ್ತಿರಲಿಲ್ಲ, ಬೇರೇನನ್ನೋ ಹೇಳುತ್ತಿತ್ತು. ಇನ್ನೂರಾ ಇಪ್ಪತ್ತೆಂಟು ಮಂದಿ, ತಮ್ಮ ಒಂದೇ ಒಂದು ಬರುವಿಕೆಯನ್ನು ನಮ್ಮ ಜಗಳಕ್ಕೆ ಖರ್ಚು ಮಾಡಿ, ನಮ್ಮ ಅಂಗಳದಲ್ಲಿ ಕೂತು ನಮ್ಮ ನೀರು ಕುಡಿಯುತ್ತಿದ್ದರು. ಎಷ್ಟೋ ವರ್ಷ ನೀರು ಕೊಟ್ಟವನು ನಾನು, ಅವತ್ತು ಮೊದಲ ಸಲ ಅವರ ಮುಂದೆ ಕೈಮುಗಿದೆ.

ನೀಲಗಂಗವ್ವ ಆ ಒದ್ದೆ ಕೋಟಿನ ಹೆಂಗಸಿನ ಪಕ್ಕ ಕೂತಿದ್ದಳು. ‘ತಂಗೀ, ನಿಮ್ಮನ್ನ ಹದಿನೆಂಟು ವರ್ಷಕ್ಕಾದ್ರೂ ಹೆಂಗ ಸತ್ರಿ ಹಂಗ ಬರದ್ರಲ್ಲ. ಯಾರು ಬರಸಿದ್ರು?’ ಎಂದು ಕೇಳಿದಳು.

‘ನಮ್ಮವರು. ಪ್ರತಿ ವರ್ಷ ಕೋರ್ಟಿನ ಮುಂದ ನಿಂತು ನೂರಾ ನಾಕು, ನೂರಾ ನಾಕು ಅಂತ ಕೂಗತಿದ್ರು. ಹುಚ್ಚರು ಅಂತಿದ್ರು ಮಂದಿ.’

ನೀಲಗಂಗವ್ವ ಎದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಕಟ್ಟೆಯ ಮೇಲೆ ಕೂತಿದ್ದವರು ಸರಿದು ದಾರಿ ಕೊಟ್ಟರು. ಗೌಡರಿಗೆ ತಿಳಿದುಹೋಯಿತು. ‘ನೀಲವ್ವಾ, ದಫ್ತರದಾಗ ಇದ್ದಂಗ ಹೇಳಬೇಕು. ಬಾವಿ ಬಂದ್ ಆಕ್ಕೈತಿ ನೋಡು’ ಎಂದರು.

‘ಬಂದ್ ಮಾಡ್ರಿ’ ಎಂದಳು. ಆಮೇಲೆ ಊರಿನ ಕಡೆ ತಿರುಗಿ, ‘ಈ ಊರಾಗ ಬಂದೂಕಿನಿಂದ ಸತ್ತವ ಒಬ್ಬ’ ಎಂದಳು.

ಅವನು ಕೆರೆಯ ಕಡೆಯಿಂದ ಬರಲಿಲ್ಲ. ಚಾವಡಿಯ ಹಿಂದಿನ ಗೋಡೆಯ ಮಗ್ಗುಲಿಂದ ಬಂದ, ಇಷ್ಟು ದಿನ ಅಲ್ಲೇ ನಿಂತಿದ್ದವನಂತೆ. ಭುಜದ ಮೇಲೆ ಚಪ್ಪರದ ಹಳದಿ ಬಟ್ಟೆ ಹಾಗೆಯೇ ಇತ್ತು. ನಾನು ಓಡಿ ಒಯ್ಯುವಾಗ ಅರ್ಧ ಲೋಟ ಚೆಲ್ಲಿತು. ಉಳಿದರ್ಧವನ್ನು ಅವಳೇ ಕುಡಿಸಿದಳು.

‘ಯವ್ವಾ, ಭಾಳ ದಿನಾತು ಹೊರಗ ನಿಂತು. ಒಳಗ ಬಾ ಅಂತ ಯಾರೂ ಅನ್ನಲಿಲ್ಲ’ ಎಂದ ಪರುತಪ್ಪ.

‘ಈಗ ಅಂದೆನಲ್ಲೋ ನನ್ನಪ್ಪಾ’ ಎಂದಳು. ಅವನ ತಲೆಯ ಧೂಳು ಕೊಡವಿದಳು. ಸೊಸೆ ಕೂಸನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. ಅವನು ಸತ್ತ ಮೇಲೆ ಹುಟ್ಟಿದ ಕೂಸು. ಅದು ಹೆದರಲಿಲ್ಲ, ಆ ಹಳದಿ ಬಟ್ಟೆಯನ್ನು ಬಾಯಿಗಿಟ್ಟುಕೊಂಡಿತು. ಯಾರ ಗುಂಡೋ ಪರುತಪ್ಪಾ ಎಂದು ಯಾರೋ ಹಿಂದಿನಿಂದ ಕೇಳಿದರು. ಮದುವೆಯಲ್ಲಿ ಬಂದೂಕು ಹಾರಿಸಿದ್ದ ಹನ್ನೆರಡು ಮನೆಯವರು ಅವನ ಬಾಯಿಯನ್ನೇ ನೋಡಿದರು. ‘ಯಾರಿಗ್ಗೊತ್ತು. ನಾ ಗಂಟು ಹಾಕಾಕತ್ತಿದ್ದೆ’ ಎಂದು ಅವನು ಕೂಸಿನ ಕಡೆ ತಿರುಗಿಕೊಂಡ.

ಆಗ ನಾನು ಗೋಡೆಯ ಕಡೆ ನೋಡಿದೆ. ಅಲ್ಲಿ ಇನ್ನೂ ಮಂದಿ ನಿಂತಿದ್ದರು. ನಮ್ಮವರೇ. ಒಳಗೆ ಕಾಲಿಡಲಾರದೆ ನಿಂತಿದ್ದರು, ನೀಲಗಂಗವ್ವ ಹೇಳಿದ್ದು ಒಬ್ಬ ಎಂದಲ್ಲವೇ. ದಫ್ತರದಲ್ಲಿ ಜ್ವರ, ಸಿಡಿಲು, ಎತ್ತು ಹಾಯ್ದು ಎಂದು ಬರೆಸಿಕೊಂಡವರು. ಆಮೇಲೆ ಕುಂಬಾರ ಮನೆಯ ಮುದುಕಿಯೊಬ್ಬಳು ಕೋಲೂರಿಕೊಂಡು ಹತ್ತಿ, ‘ಇಬ್ಬರು’ ಎಂದಳು. ಅವಳ ಗಂಡ ಒಳಗೆ ಬಂದ. ಇನ್ನೊಬ್ಬ ಹತ್ತಿ ‘ಮೂವರು’ ಎಂದ. ನಾಲ್ವರು, ಐವರು. ಒಬ್ಬೊಬ್ಬರು ಹೇಳಿದಾಗಲೂ ಒಂದು ಮನೆ ಅಳುತ್ತಿತ್ತು, ಒಂದು ಮನೆ ನಗುತ್ತಿತ್ತು, ಅದು ಒಂದೇ ಮನೆಯಾಗಿರುತ್ತಿತ್ತು. ಪರದೇಶದವರು ನಮ್ಮನ್ನು ನೋಡುತ್ತ, ಬಂದವರಿಗೆಲ್ಲ ಜಾಗ ಮಾಡಿಕೊಡುತ್ತ ಕೂತಿದ್ದರು.

ಒಂಬತ್ತು ಎಂದವನು ನಾನು. ನನ್ನ ತಂಗಿ ಶಾರವ್ವ. ಹಾವು ಕಡಿದು ಎಂದು ನಾನೇ ಬರೆಸಿದ್ದೆ. ಕಸ ಗುಡಿಸುವಾಗ ಗೂಟದ ಮೇಲಿನ ಬಂದೂಕು ಜಾರಿ ಬಿತ್ತು, ಅದನ್ನು ತುಂಬಿಸಿ ಇಟ್ಟವನು ನಾನು. ಇದನ್ನು ನನ್ನ ಹೆಂಡತಿಗೂ ಹೇಳಿರಲಿಲ್ಲ. ಶಾರವ್ವ ಬಂದಳು, ನೀರು ಕುಡಿದಳು, ‘ಅಣ್ಣಾ, ಎಷ್ಟು ಮುದುಕಾಗೀಯೋ’ ಎಂದಳು. ಅಷ್ಟೇ ಅಂದದ್ದು. ಬೈದಿದ್ದರೆ ಸುಲಭವಾಗುತ್ತಿತ್ತು.

ಹದಿಮೂರರವರೆಗೆ ಹೋಯಿತು. ಹೊತ್ತು ಇಳಿದಿತ್ತು. ಗೋಡೆಯ ಹತ್ತಿರ ಒಬ್ಬ ಉಳಿದಿದ್ದ. ಎತ್ತರದ ಆಳು, ಹಳೇ ಕಾಲದ ದೊಡ್ಡ ರುಮಾಲು, ಒಂದೇ ಕಿವಿಯಲ್ಲಿ ಚಿನ್ನದ ಒಂಟಿ, ಎಡಗೈಗೆ ಆರು ಬೆರಳು. ಅವನು ಯಾರ ಮನೆಯವನೆಂದು ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ನಮ್ಮೆಲ್ಲರನ್ನೂ ನೋಡುತ್ತ ನಿಂತಿದ್ದ. ದೂರದಲ್ಲಿ ದನಗಳ ಗಂಟೆ ಕೇಳಲು ಶುರುವಾಯಿತು.

‘ಯಾರ ಮನಿಯವ ಅಂತ ಏನ್ ನೋಡ್ತೀರಿ? ಅನ್ರಿ!’ ಎಂದಳು ನೀಲಗಂಗವ್ವ, ಮಗನ ಕೈ ಬಿಡದೆ.

‘ಹದಿನಾಲ್ಕು’ ಎಂದಿತು ಊರು. ಒಬ್ಬರಲ್ಲ, ಇಡೀ ಊರು. ಮಾಸ್ತರ, ಗೌಡರು, ಆ ಹನ್ನೆರಡು ಮನೆಯವರು, ಎಲ್ಲರೂ. ಆ ಸದ್ದು ಕೆರೆಗೆ ಬಡಿದು ತಿರುಗಿ ಬಂತು. ಅವನು ಒಳಗೆ ಕಾಲಿಟ್ಟ. ನೀರು ಕೊಟ್ಟವರು ವಕೀಲರು, ಕೋಟು ಕಳಚಿಟ್ಟು, ತೋಳು ಮಡಚಿಕೊಂಡು. ಅವನು ಕುಡಿದು, ‘ನೀರು ತಣ್ಣಗದಾವ’ ಎಂದ. ಹೆಸರು ಕೇಳುವಷ್ಟರಲ್ಲಿ ದನಗಳು ಊರು ಹೊಕ್ಕವು. ಎಲ್ಲರೂ ಎದ್ದರು. ಒದ್ದೆಯವರು, ಹಿಮದವರು, ನಮ್ಮವರು, ಒಂದೇ ದಾರಿಯಲ್ಲಿ ಹೋದರು.

ಬಂದೂಕು ಏನಾಯಿತು ಎಂದು ಕೇಳುತ್ತೀರಿ, ಗೊತ್ತು. ನಾನು ನನ್ನದನ್ನು ಮರುದಿನವೇ ಚಾವಡಿಗೆ ಕೊಟ್ಟೆ. ಅರ್ಧ ಊರು ಕೊಟ್ಟಿತು, ಅರ್ಧ ಕೊಡಲಿಲ್ಲ. ಮಾಸ್ತರನೂ ವಕೀಲರೂ ಸಾಯುವವರೆಗೆ ಜಗಳವಾಡಿದರು, ಆದರೆ ಪರದೇಶದ ಪುಸ್ತಕ ತೆರೆಯಲಿಲ್ಲ. ಬಾವಿ ಬಂದ್ ಆಗಲಿಲ್ಲ. ಗೌಡರು ದಫ್ತರ ತೆಗೆದು ಆ ಕಾಲಮ್ಮಿನಲ್ಲಿ ಬರೆದರು. ಮೊದಲ ಹೆಸರು ಪರುತಪ್ಪ, ನೀಲಗಂಗವ್ವನ ಮಗ. ಅವಳು ಓದಲು ಬಾರದವಳು, ಆ ಸಾಲಿನ ಮೇಲೆ ಬೆರಳು ಇಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು. ಹದಿಮೂರು ಹೆಸರುಗಳಾದವು. ಹದಿನಾಲ್ಕನೆಯ ಸಾಲಿನಲ್ಲಿ ಹೆಸರಿಲ್ಲ, ‘ಆರು ಬೆರಳು, ಕಿವಿಗೆ ಒಂಟಿ’ ಎಂದಷ್ಟೇ ಇದೆ.

ಇಷ್ಟು ಉದ್ದ ಮಾತಾಡಿದ್ದು ಅದಕ್ಕೇ. ನಮ್ಮೂರಿಂದ ಎಲ್ಲೆಲ್ಲಿಗೋ ಹೋದ ಮನೆಗಳಿವೆ, ನನಗೆ ಗೊತ್ತಿರುವುದು ನಿಮ್ಮಷ್ಟೇ ಜನ. ನಿಮಗೆ ಗೊತ್ತಿರುವವರಿಗೆ ಇದನ್ನು ಕಳಿಸಿ, ಅವರು ಅವರಿಗೆ ಗೊತ್ತಿರುವವರಿಗೆ ಕಳಿಸಲಿ. ಯಾವುದಾದರೂ ಮನೆಯಲ್ಲಿ ಆರು ಬೆರಳಿನ ಒಬ್ಬ ಹಿರಿಯ ಹೊರಟುಹೋದ, ಮನೆ ಬಿಟ್ಟ, ಎಲ್ಲಿದ್ದಾನೋ ಗೊತ್ತಿಲ್ಲ ಎಂಬ ಮಾತು ಇದ್ದರೆ, ಆ ಮನೆಗೆ ಇದು ಮುಟ್ಟಬೇಕು. ಅವನು ಬಂದಿದ್ದ ಎಂದು ಹೇಳಿ. ಊರೆಲ್ಲ ಸೇರಿ ಕರೆದೆವು, ನೀರು ಕುಡಿದುಹೋದ ಎಂದು ಹೇಳಿ.